ಅಪರೂಪಕ್ಕೊಮ್ಮೆ ಪತ್ತೇದಾರಿ ಓದುವವರಿಗೆ ಐಸ್‌ಲ್ಯಾಂಡಿನ ಒಂದು ಕಾದಂಬರಿ: 'ಸೈಲೆನ್ಸ್ ಆಫ್ ದ ಗ್ರೇವ್'

ತುಂಗಾತೀರ:

ಪತ್ತೇದಾರಿ ಕಾದಂಬರಿಗಳನ್ನು ನಾನು ವರ್ಷಕ್ಕೊಂದೋ ಎರಡೋ ಓದುವವನು. ಆ ಪ್ರಕಾರದ ಬಗ್ಗೆ ನನಗೆ ತಾತ್ಸಾರವೇನಿಲ್ಲ. ಆದರೆ ಓದಿದವುಗಳ ಪೈಕಿ ಬಹುಪಾಲು ಪುಸ್ತಕಗಳಲ್ಲಿ, ಕೊಂದವರು ಯಾರೆಂದು ತಿಳಿಯುವ ಹೊತ್ತಿಗೆ ಸತ್ತವರು ಯಾರೆಂಬುದು ಓದುಗನಿಗಿರಲಿ, ಬರೆದವರಿಗೂ ಮರೆತುಹೋದಂತಿರುತ್ತದೆ. ಹೆಣವೆನ್ನುವುದು ಮೊದಲ ಅಧ್ಯಾಯದಲ್ಲಿ ಬಿದ್ದಿರಬೇಕಾದ ಒಂದು ನೆಪ, ಅಷ್ಟೆ. ಈಚೆಗೆ ಓದಿದ ಅರ್ನಾಲ್ದುರ್ ಇಂದ್ರಿದಾಸನ್ ಅವರ 'ಸೈಲೆನ್ಸ್ ಆಫ್ ದ ಗ್ರೇವ್' ನನ್ನ ಈ ದೂರಿಗೆ ಉತ್ತರ ಕೊಡಲೆಂದೇ ಬರೆದಂತಿತ್ತು. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ 2001ರಲ್ಲಿ ಪ್ರಕಟವಾದ ಈ ಕೃತಿಯನ್ನು ನಾನು ಓದಿದ್ದು ಬರ್ನಾರ್ಡ್ ಸ್ಕಡರ್ ಅವರ ಇಂಗ್ಲಿಷ್ ಅನುವಾದದಲ್ಲಿ. ಕಥೆಯ ಕೊನೆಯನ್ನು ನಾನು ಹೇಳುವುದಿಲ್ಲ, ಓದಿರುವ ಇತರರೂ ಹೇಳಬಾರದೆಂದು ವಿನಂತಿ.

ರೇಕ್ಯಾವಿಕ್ ನಗರದ ಅಂಚಿನಲ್ಲಿ ಹೊಸದಾಗಿ ಏಳುತ್ತಿರುವ ಬಡಾವಣೆಯ ಮನೆಯೊಂದರಲ್ಲಿ ಹುಡುಗನೊಬ್ಬನ ಹುಟ್ಟುಹಬ್ಬ ನಡೆದಿರುತ್ತದೆ. ಅಲ್ಲಿಂದ ತನ್ನ ತಮ್ಮನನ್ನು ಕರೆದೊಯ್ಯಲು ಬಂದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ಮಕ್ಕಳ ಗದ್ದಲದ ನಡುವೆ ನೆಲದ ಮೇಲೆ ಕುಳಿತ ಕೂಸೊಂದು ಏನನ್ನೋ ಚೀಪುತ್ತಿರುವುದನ್ನು ಗಮನಿಸುತ್ತಾನೆ. ಕೂಸಿನ ಕೈಯಿಂದ ಬಿಡಿಸಿಕೊಂಡು ನೋಡಿದರೆ ಅದು ಮನುಷ್ಯನ ಪಕ್ಕೆಲುಬಿನ ಚೂರು. ಹುಟ್ಟುಹಬ್ಬದ ಹುಡುಗ ಅದನ್ನು ಹತ್ತಿರದಲ್ಲೇ ಮನೆ ಕಟ್ಟಲು ಅಗೆದಿದ್ದ ಪಾಯದಿಂದ ಹೆಕ್ಕಿ ತಂದಿದ್ದ. ಚೀತ್ಕಾರವಿಲ್ಲ, ರಕ್ತವಿಲ್ಲ, ಮಳೆಗಾಲದ ನಡುರಾತ್ರಿಯೂ ಇಲ್ಲ. ಹಲ್ಲು ಬರುತ್ತಿರುವ ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ ಎನ್ನುವ, ಯಾವ ಮನೆಯಲ್ಲಿಯೂ ಕಾಣುವ ಸಂಗತಿಯಿಂದಲೇ ಕಥೆ ಹೊರಡುತ್ತದೆ.

ಪೊಲೀಸ್ ಅಧಿಕಾರಿ ಎರ್ಲೆಂದುರ್ ಸ್ಥಳಕ್ಕೆ ಬಂದು ನೋಡಿದಾಗ ಅಸ್ಥಿಗಳು ಅರ್ಧ ಶತಮಾನಕ್ಕೂ ಹಳೆಯವೆಂಬ ಅಂದಾಜು ಸಿಗುತ್ತದೆ. ಆತ ಅಗೆತದ ಕೆಲಸವನ್ನು ಪುರಾತತ್ತ್ವಜ್ಞರಿಗೆ ಒಪ್ಪಿಸುತ್ತಾನೆ. ಅವರಿಗೆ ಅವಸರವೆನ್ನುವುದೇ ಇಲ್ಲ. ಕರಣೆ ಮತ್ತು ಕುಂಚ ಹಿಡಿದು ಪದರ ಪದರವಾಗಿ ಮಣ್ಣನ್ನು ಕೆರೆಯುತ್ತಾರೆ. ಹೀಗಾಗಿ ಹೂತಿರುವುದು ಗಂಡಸನ್ನೋ ಹೆಂಗಸನ್ನೋ ಎಂಬಷ್ಟನ್ನು ತಿಳಿಯಲಿಕ್ಕೂ ಓದುಗ ಬಹುಕಾಲ ಕಾಯಬೇಕು. ಇದರ ಜೊತೆಜೊತೆಗೆ ಎರಡನೆಯ ಮಹಾಯುದ್ಧದ ಕಾಲದ ಇನ್ನೊಂದು ಕಥೆ ಸಾಗುತ್ತದೆ. ಅದೇ ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಗಂಡನ ಹೊಡೆತವನ್ನು ದಿನವೂ ಉಣ್ಣುವ ಒಬ್ಬ ತಾಯಿ, ಕಾಯಿಲೆಯಿಂದ ಅಂಗವಿಕಲಳಾದ ಮಗಳು ಮಿಕ್ಕೆಲೀನಾ, ಇಬ್ಬರು ಗಂಡುಮಕ್ಕಳು. ಇವರ ಪೈಕಿ ಒಬ್ಬರು ಆ ಗುಂಡಿಯಲ್ಲಿರಬಹುದು. ಅಥವಾ ಗುಡ್ಡದ ಆ ಜಾಗದ ಒಡೆಯನಾಗಿದ್ದ ವ್ಯಾಪಾರಿಯ ಭಾವೀ ಪತ್ನಿ ಅಲ್ಲಿರಬಹುದು. ಆಕೆ ಒಂದು ದಿನ ಕಾಣೆಯಾಗಿದ್ದಳು, ಸಮುದ್ರದ ಪಾಲಾದಳೆಂದೇ ಜನ ತಿಳಿದಿದ್ದರು.

ನನಗೆ ಈ ಪುಸ್ತಕ ಹಿಡಿಸಿದ್ದಕ್ಕೆ ಕಾರಣವನ್ನು ಹೇಳಬೇಕೆಂದರೆ, ಇಲ್ಲಿ ಓದುಗನ ಮುಂದಿರುವ ಪ್ರಶ್ನೆ ಕೊಂದವರು ಯಾರೆಂಬುದಲ್ಲ, ಸತ್ತವರು ಯಾರೆಂಬುದು. ಅದು ಗೊತ್ತಿಲ್ಲದಿರುವುದರಿಂದ ಆ ಮನೆಯ ಪ್ರತಿಯೊಬ್ಬರನ್ನೂ ನಾವು ಸತ್ತಿರಬಹುದಾದವರಂತೆ ನೋಡಬೇಕಾಗುತ್ತದೆ, ಹಾಗೆ ನೋಡುತ್ತಾ ನೋಡುತ್ತಾ ಅವರ ಬಗ್ಗೆ ಆತಂಕ ಹುಟ್ಟುತ್ತದೆ. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ನಾನು ಒಗಟು ಬಿಡಿಸುವುದನ್ನು ಬಿಟ್ಟಿದ್ದೆ. ಆ ಮೂಳೆಗಳು ಇಂಥವರದಾಗಿರಲಿ, ಇಂಥವರದಾಗದಿರಲಿ ಎಂದು ಹಾರೈಸತೊಡಗಿದ್ದೆ. ಪತ್ತೇದಾರಿ ಕಾದಂಬರಿಯೊಂದು ನನ್ನಿಂದ ಹೀಗೆ ಹಾರೈಕೆ ಹೊರಡಿಸಿದ್ದು ಇದೇ ಮೊದಲು. ಓದಿದವರ ಅಭಿಪ್ರಾಯವೇನು?

ಹಳೇಪೇಟೆ ಓದುಗ:

ತುಂಗಾತೀರ ಅವರಿಗೆ ನಮಸ್ಕಾರ. ತಮ್ಮ ಬರಹ ಓದಿ ಪುಸ್ತಕ ತರಿಸಿಕೊಂಡಿದ್ದೇನೆ, ಮೂರನೆಯ ಒಂದು ಭಾಗ ಮುಗಿದಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದುತ್ತಾ ಬೆಳೆದ ನನ್ನಂಥವರು ಪತ್ತೇದಾರನಿಂದ ಚುರುಕುತನವನ್ನು ಬಯಸುತ್ತೇವೆ. ಈ ಎರ್ಲೆಂದುರ್ ಅಗೆತದ ಗುಂಡಿಯ ಅಂಚಿಗೆ ಬರುತ್ತಾನೆ, ಇಣುಕಿ ನೋಡುತ್ತಾನೆ, ಹೋಗುತ್ತಾನೆ. ಮಾರನೆಯ ದಿನವೂ ಅದೇ.

ನನ್ನ ಮುಖ್ಯ ಆಕ್ಷೇಪ ಬೇರೆ. ಯಾವ ದೇಶದ ಪೊಲೀಸರಾದರೂ ಒಂದೆರಡು ದಿನದಲ್ಲಿ ತೆಗೆದು ಮುಗಿಸಬಹುದಾದ ಅಸ್ಥಿಪಂಜರವನ್ನು, ಬೇರೆ ಉಪಾಯಗಳಿರುವಾಗ, ಪುರಾತತ್ತ್ವಜ್ಞರ ಕುಂಚಕ್ಕೆ ಒಪ್ಪಿಸಿ ಸುಮ್ಮನಿರುತ್ತಾರೆಯೇ? ಉತ್ತರವನ್ನು ಕೊನೆಯವರೆಗೆ ಮುಚ್ಚಿಡಬೇಕೆಂಬ ಲೇಖಕರ ಅಗತ್ಯವೇ ಇಲ್ಲಿ ಪಾತ್ರದ ತೀರ್ಮಾನವಾಗಿ ವೇಷ ಹಾಕಿದೆ ಎಂದು ನನಗನಿಸುತ್ತದೆ. ಹಳೆಯ ಪತ್ತೇದಾರಿ ಕಥೆಗಳಲ್ಲಿ ಲೇಖಕನಿಗೂ ಓದುಗನಿಗೂ ಒಂದು ಒಪ್ಪಂದವಿರುತ್ತಿತ್ತು. ಸುಳಿವುಗಳೆಲ್ಲ ಪುಟದ ಮೇಲಿರಬೇಕು, ಜಾಣ ಓದುಗ ಅವುಗಳನ್ನು ಕೂಡಿಸಿ ಪತ್ತೇದಾರನಿಗಿಂತ ಮೊದಲೇ ಉತ್ತರ ಹೇಳಲು ಸಾಧ್ಯವಾಗಬೇಕು. ಮಣ್ಣಿನಡಿಯಲ್ಲಿರುವುದನ್ನು ಯಾವ ಜಾಣನೂ ಊಹಿಸಲಾರ.

ತುಂಗಾತೀರ:

ಹಿರಿಯರ ಆಕ್ಷೇಪದಲ್ಲಿ ಹುರುಳಿದೆ. ಅಗೆತದ ನಿಧಾನ ಒಂದು ಹೂಟವೇ ಹೌದು. ಆದರೆ ಲೇಖಕರು ಅದನ್ನು ಮರೆಮಾಚುವುದಿಲ್ಲ. ಸಹೋದ್ಯೋಗಿಗಳೇ ಆ ನಿಧಾನಕ್ಕೆ ಗೊಣಗುತ್ತಾರೆ, ಪುರಾತತ್ತ್ವಜ್ಞ ತನ್ನ ವಿಧಾನವನ್ನು ಬಿಡುವುದಿಲ್ಲ. ನನ್ನ ಮಟ್ಟಿಗೆ ಆ ನಿಧಾನಕ್ಕೆ ಇನ್ನೊಂದು ಸಮರ್ಥನೆಯೂ ಇದೆ. ಗುಡ್ಡದ ಮನೆಯ ಕಥೆ ವರ್ಷಗಟ್ಟಲೆ ಹಬ್ಬಿದ ಹಿಂಸೆಯ ಕಥೆ. ಅಸ್ಥಿಗಳು ಎರಡೇ ದಿನದಲ್ಲಿ ಹೊರಬಂದಿದ್ದರೆ ಆ ಕಥೆಯನ್ನು ಪೊಲೀಸ್ ವರದಿಯ ಒಂದು ಪುಟಕ್ಕೆ ಇಳಿಸಬೇಕಾಗುತ್ತಿತ್ತು. ಸುಳಿವಿನ ಒಪ್ಪಂದದ ಬಗ್ಗೆ ತಾವು ಹೇಳಿದ್ದು ನಿಜವಾದರೂ, ಆ ಪಂದ್ಯದಲ್ಲಿ ಗೆಲ್ಲುವ ಆಸೆ ನನ್ನಂಥ ಅಪರೂಪದ ಓದುಗರಿಗೆ ಮೊದಲಿನಿಂದಲೂ ಇಲ್ಲ.

ರಾತ್ರಿಪಾಳಿ:

ನಾನು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿ. ತುಂಗಾತೀರ ಅವರು ಪ್ರಸ್ತಾಪಿಸದ ಮೂರನೆಯ ಎಳೆಯೊಂದು ಈ ಕಾದಂಬರಿಯಲ್ಲಿದೆ, ನನ್ನ ಮನಸ್ಸಿನಲ್ಲಿ ನಿಂತಿರುವುದು ಅದೇ. ಎರ್ಲೆಂದುರನ ಮಗಳು ಇವಾ ಲಿಂದ್ ಮಾದಕ ವ್ಯಸನಿ. ಗರ್ಭ ಕಳೆದುಕೊಂಡು, ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಮಗಳೊಂದಿಗೆ ಮಾತನಾಡುತ್ತಿರಿ, ಆಕೆಗೆ ಕೇಳಿಸುತ್ತಿರಬಹುದು ಎಂದು ವೈದ್ಯರು ತಂದೆಗೆ ಹೇಳುತ್ತಾರೆ. ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟುಹೋಗಿ, ಅವರು ಬೆಳೆಯುವುದನ್ನೇ ನೋಡದ ಆ ಮನುಷ್ಯನಿಗೆ ಮಗಳೊಂದಿಗೆ ಆಡಲು ಮಾತೇ ಇಲ್ಲ. ಬೇರೇನೂ ತೋಚದೆ ಗುಡ್ಡದ ಮೇಲೆ ಸಿಕ್ಕ ಮೂಳೆಗಳ ವಿಷಯವನ್ನು ಹೇಳತೊಡಗುತ್ತಾನೆ.

ಪ್ರಜ್ಞೆಯಿಲ್ಲದವರೊಂದಿಗೆ ಮಾತನಾಡಿರೆಂದು ನಾವೂ ಮನೆಯವರಿಗೆ ಹೇಳುತ್ತೇವೆ. ಮೊದಲ ದಿನ ಎಲ್ಲರೂ ತಡವರಿಸುತ್ತಾರೆ. ಮಂಚದ ಅಂಚನ್ನು ಹಿಡಿದುಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸಿ, ಗ್ಯಾಸ್ ಸಿಲಿಂಡರ್ ಬಂತೆಂದೋ, ಕರೆಂಟ್ ಬಿಲ್ ಕಟ್ಟಿದೆನೆಂದೋ ಶುರುಮಾಡುತ್ತಾರೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರ ಬಾಯಿಂದ ಅವರು ಜೀವಮಾನದಲ್ಲಿ ಯಾರಿಗೂ ಹೇಳದಿದ್ದ ಮಾತುಗಳು ಹೊರಡುತ್ತವೆ. ಎರ್ಲೆಂದುರನಿಗೂ ಹಾಗೆಯೇ ಆಗುತ್ತದೆ. ಬಾಲ್ಯದಲ್ಲಿ ಹಿಮಪಾತಕ್ಕೆ ಸಿಕ್ಕಾಗ ತಮ್ಮನ ಕೈ ತನ್ನ ಕೈಯಿಂದ ಜಾರಿಹೋದದ್ದನ್ನು, ಆ ತಮ್ಮ ಮತ್ತೆಂದೂ ಸಿಗದೇ ಹೋದದ್ದನ್ನು, ಕೇಳಿಸುತ್ತದೆಯೋ ಇಲ್ಲವೋ ತಿಳಿಯದ ಮಗಳ ಮುಂದೆ ಹೇಳಿಕೊಳ್ಳುತ್ತಾನೆ. ಲೇಖಕರು ಯಾವುದಾದರೂ ಆಸ್ಪತ್ರೆಯಲ್ಲಿ ಕುಳಿತು ನೋಡಿಯೇ ಬರೆದಿರಬೇಕು ಎನಿಸುವಷ್ಟು ಆ ಕ್ರಮ ಸರಿಯಾಗಿದೆ. ಎಚ್ಚರವಿಲ್ಲದವರ ಎದುರು ಮಾತ್ರ ಬಾಯಿಬಿಡುವ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಈ ಮಾತನ್ನು ಸ್ವಲ್ಪ ಕೋಪದಿಂದಲೇ ಬರೆಯುತ್ತಿದ್ದೇನೆ.

ವಕಾಲತ್ತು:

ಕೌಟುಂಬಿಕ ಮೊಕದ್ದಮೆಗಳನ್ನು ನಡೆಸುವವಳಾಗಿ ಒಂದು ಎಚ್ಚರಿಕೆಯನ್ನೂ ಒಂದು ಮೆಚ್ಚುಗೆಯನ್ನೂ ಸೇರಿಸುತ್ತೇನೆ. ಎಚ್ಚರಿಕೆಯೇನೆಂದರೆ, ಗುಡ್ಡದ ಮನೆಯ ಅಧ್ಯಾಯಗಳನ್ನು ಓದುವುದು ಸುಲಭವಲ್ಲ. ಅಂಥದ್ದನ್ನು ಮನೆಯಲ್ಲಿ ಕಂಡವರು ಈ ಪುಸ್ತಕವನ್ನು ಹೊತ್ತುಗಳೆಯಲೆಂದು ಕೈಗೆತ್ತಿಕೊಳ್ಳದಿರುವುದು ಒಳ್ಳೆಯದು.

ಮೆಚ್ಚುಗೆ ಅದೇ ಅಧ್ಯಾಯಗಳಿಗೆ. ಆಕೆ ಬಿಟ್ಟುಹೋಗಬಾರದಿತ್ತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯದ ಪಡಸಾಲೆಯಲ್ಲಿ ನಾನು ಕೇಳದ ದಿನವಿಲ್ಲ. ಈ ಕಾದಂಬರಿ ಆ ಪ್ರಶ್ನೆಗೆ ಭಾಷಣದಿಂದ ಉತ್ತರಿಸುವುದಿಲ್ಲ. ಆಕೆ ಬಿಟ್ಟುಹೋಗಲು ಯತ್ನಿಸುತ್ತಾಳೆ. ಗಂಡ ಹುಡುಕಿ ಹಿಡಿಯುತ್ತಾನೆ, ಮತ್ತೊಮ್ಮೆ ಹೊರಟರೆ ಮಗಳನ್ನು ಉಳಿಸುವುದಿಲ್ಲವೆಂದು ಬೆದರಿಸುತ್ತಾನೆ. ಮೊದಲ ಪೆಟ್ಟಿನಿಂದ ಹಿಡಿದು ಆಕೆಯ ಬಗೆಗಿನ ಒಂದೊಂದು ತಿರಸ್ಕಾರದ ಮಾತಿನವರೆಗೆ, ಆತ ಆಕೆಯ ಸುತ್ತಣ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುವ ಕ್ರಮವನ್ನು ಲೇಖಕರು ಎಲ್ಲಿಯೂ ಅತಿಮಾಡದೆ ತೋರಿಸಿದ್ದಾರೆ. ಇನ್ನೊಂದು ಸಂಗತಿಯನ್ನು ಗಮನಿಸಿ. ಕಾದಂಬರಿಯ ಬಹುಭಾಗ ಆಕೆಗೆ ಹೆಸರೇ ಇಲ್ಲ. ಮಕ್ಕಳಿಗೆ ಹೆಸರಿದೆ, ಗಂಡನಿಗೆ ಹೆಸರಿದೆ, ಆಕೆ ಮಾತ್ರ ತಾಯಿ. ತುಂಗಾತೀರ ಅವರು ಹೇಳಿದ ಪ್ರಶ್ನೆಯನ್ನು ನಾನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ: ಸತ್ತವರು ಯಾರೆಂಬುದರ ಜೊತೆಗೆ, ಬದುಕಿದ್ದಾಗಲೇ ಹೆಸರು ಕಳೆದುಕೊಂಡವಳು ಯಾರೆಂಬುದನ್ನೂ ಪೊಲೀಸರು ಅಲ್ಲಿ ಹುಡುಕುತ್ತಿದ್ದಾರೆ.

ಮಾಲ್ಮೋ ಕನ್ನಡಿಗ:

ಸ್ವೀಡನ್ನಿನ ದಕ್ಷಿಣ ತುದಿಯಲ್ಲಿ ಕೆಲಸದ ನಿಮಿತ್ತ ನೆಲೆಸಿರುವ ನಾನು, ಈ ಭಾಗದ ಪತ್ತೇದಾರಿ ಸಾಹಿತ್ಯವನ್ನು ಚಳಿಗಾಲದ ಸಂಜೆಗಳಲ್ಲಿ ಓದುವ ಚಟ ಹತ್ತಿಸಿಕೊಂಡಿದ್ದೇನೆ. ಕಾದಂಬರಿಯ ಹಿನ್ನೆಲೆಯ ಕೆಲವು ಸಂಗತಿಗಳು ಓದಿಗೆ ನೆರವಾಗಬಹುದು.

ಮೊದಲನೆಯದಾಗಿ, ಗುಡ್ಡದ ಮೇಲಿನ ಸೈನಿಕರು. ಯುದ್ಧದಲ್ಲಿ ತಟಸ್ಥವಾಗಿದ್ದ ಐಸ್‌ಲ್ಯಾಂಡಿಗೆ 1940ರ ಮೇ 10ರಂದು ಬ್ರಿಟಿಷ್ ಪಡೆಗಳು ಬಂದಿಳಿದವು. 1941ರ ಜುಲೈಯಲ್ಲಿ ಅಮೆರಿಕನ್ ಪಡೆಗಳು ಬರತೊಡಗಿ ಕ್ರಮೇಣ ಅವರ ಜಾಗವನ್ನು ತುಂಬಿದವು. ಆಗ ಇಡೀ ದೇಶದ ಜನಸಂಖ್ಯೆ ಸುಮಾರು 1,20,000. ನಮ್ಮಲ್ಲಿ ಒಂದು ಸಾಧಾರಣ ಪಟ್ಟಣದಲ್ಲಿರುವಷ್ಟು ಜನರಿರುವ ದೇಶಕ್ಕೆ ಹತ್ತಾರು ಸಾವಿರ ಪರದೇಶಿ ಸೈನಿಕರು ಬಂದಾಗ ಕೂಲಿಯೂ ಹಣವೂ ಕಳ್ಳಸಾಗಣೆಯೂ ಪ್ರೇಮವೂ ಒಟ್ಟೊಟ್ಟಿಗೆ ಬಂದವು. ಗುಡ್ಡದ ಒಂಟಿ ಮನೆಯ ಪಕ್ಕದಲ್ಲೇ ಸೇನಾ ಉಗ್ರಾಣ ತಲೆಯೆತ್ತುವುದು ಕಾದಂಬರಿಯಲ್ಲಿ ಆಕಸ್ಮಿಕವಲ್ಲ. ಹೊರಜಗತ್ತು ಆ ಮನೆಯ ಬೇಲಿಯವರೆಗೂ ಬಂದಿರುತ್ತದೆ, ಆದರೂ ಒಳಗಿನದನ್ನು ಯಾರೂ ಕೇಳುವುದಿಲ್ಲ. ಇಂದ್ರಿದಾಸನ್ ಇತಿಹಾಸದ ವಿದ್ಯಾರ್ಥಿಯಾಗಿದ್ದವರು, ಪತ್ರಿಕೆಯಲ್ಲಿ ಚಲನಚಿತ್ರ ವಿಮರ್ಶೆ ಬರೆದವರು. ಎರಡೂ ಕಸುಬುಗಳ ಗುರುತು ಈ ಪುಸ್ತಕದ ಮೇಲಿದೆ.

ಎರಡನೆಯದಾಗಿ, ಹೆಸರುಗಳು. ಅಲ್ಲಿ ಮನೆತನದ ಹೆಸರು ಅಪರೂಪ. ಇಂದ್ರಿದಾಸನ್ ಎಂದರೆ ಇಂದ್ರಿದಿ ಎಂಬುವರ ಮಗ, ಅಷ್ಟೆ. ಆ ತಂದೆಯೂ ಹೆಸರಾಂತ ಬರಹಗಾರರೇ. ಅಲ್ಲಿನವರು ಪ್ರಧಾನಿಯನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. ಆದ್ದರಿಂದ ಎರ್ಲೆಂದುರನನ್ನು ಎಲ್ಲರೂ ಎರ್ಲೆಂದುರ್ ಎನ್ನುವುದು ಸಲಿಗೆಯಲ್ಲ, ರೂಢಿ.

ಮೂರನೆಯದು ಕೊಲೆಗಳ ವಿಷಯ. ಐಸ್‌ಲ್ಯಾಂಡ್‌ನಲ್ಲಿ ಕೊಲೆಯೇ ನಡೆಯದ ವರ್ಷಗಳೂ ಉಂಟು. ಅಂಥ ದೇಶದಲ್ಲಿ ವರ್ಷಕ್ಕೊಂದು ಪತ್ತೇದಾರಿ ಕಾದಂಬರಿ ಬರೆಯುವುದು ಹೇಗೆ? ಇಂದ್ರಿದಾಸನ್ ಕಂಡುಕೊಂಡ ದಾರಿ ಹಳೆಯ ಕಾಲಕ್ಕೆ ಹೋಗುವುದು, ಕಾಣೆಯಾದವರನ್ನು ಹುಡುಕುವುದು. ಅಲ್ಲಿನ ಹವಾಮಾನದಲ್ಲಿ ಮನೆಯಿಂದ ಹೊರಟವರು ಹಿಮದಲ್ಲಿ ದಾರಿತಪ್ಪಿ ಮರಳಿ ಬಾರದ ವೃತ್ತಾಂತಗಳಿಗೆ ಕೊನೆಯೇ ಇಲ್ಲ, ಅಂಥ ವೃತ್ತಾಂತಗಳನ್ನು ಸಂಗ್ರಹಿಸಿದ ಪುಸ್ತಕಗಳೂ ಇವೆ. ಎರ್ಲೆಂದುರ್ ರಾತ್ರಿ ಓದುವುದು ಅವುಗಳನ್ನೇ. ರಾತ್ರಿಪಾಳಿ ಅವರು ಹೇಳಿದ ತಮ್ಮನ ಕಥೆ ತಿಳಿದ ಮೇಲೆ ಆ ಓದು ಹವ್ಯಾಸವಾಗಿ ಕಾಣುವುದಿಲ್ಲ.

ಕೊನೆಯದಾಗಿ ಒಂದು ತಮಾಷೆಯ ಸಂಗತಿ. ನಾರ್ಡಿಕ್ ದೇಶಗಳ ಅಪರಾಧ ಕಾದಂಬರಿಗಳಿಗೆ ಕೊಡುವ ಗ್ಲಾಸ್ ಕೀ ಪ್ರಶಸ್ತಿ 2002ರಲ್ಲಿ ಇವರ ಹಿಂದಿನ ಕಾದಂಬರಿ 'ಜಾರ್ ಸಿಟಿ'ಗೂ 2003ರಲ್ಲಿ ಈ ಕಾದಂಬರಿಗೂ ಬಂತು. 2005ರಲ್ಲಿ ಬ್ರಿಟನ್ನಿನ ಗೋಲ್ಡ್ ಡ್ಯಾಗರ್ ಕೂಡ ಇದಕ್ಕೇ ಸಂದಿತು. ಮರುವರ್ಷದಿಂದ ಅನುವಾದಿತ ಕೃತಿಗಳಿಗೆ ಆ ಮುಖ್ಯ ಪ್ರಶಸ್ತಿಯಲ್ಲಿ ಅವಕಾಶವಿಲ್ಲವಾಯಿತು, ಅವುಗಳಿಗೆಂದೇ ಪ್ರತ್ಯೇಕ ಡ್ಯಾಗರ್ ಹುಟ್ಟಿಕೊಂಡಿತು. ಪಂಕ್ತಿಯಲ್ಲಿ ಕುಳಿತವರಿಗೆ ಬೇರೆ ಕೋಣೆಯಲ್ಲಿ ಎಲೆ ಹಾಕಿದಂತೆ ಎಂದು ನನಗೆ ಅನಿಸಿದ್ದುಂಟು.

ಹಳೇಪೇಟೆ ಓದುಗ:

ಮಾಲ್ಮೋದವರ ವಿವರಣೆ ಉಪಯುಕ್ತವಾಗಿದೆ. ಆದರೆ ನಾರ್ಡಿಕ್ ಕಾದಂಬರಿಯ ಮಾತು ಬಂದಾಗ ಮೂಲವನ್ನು ಮರೆಯಬಾರದು. ಸ್ವೀಡನ್ನಿನ ಮಾಯ್ ಶೊವಾಲ್ ಮತ್ತು ಪೆರ್ ವಾಲೂ ಎಂಬ ಜೋಡಿ 1965ರಿಂದ 1975ರವರೆಗೆ ಬರೆದ ಮಾರ್ಟಿನ್ ಬೆಕ್ ಸರಣಿಯ ಹತ್ತು ಕಾದಂಬರಿಗಳ ಎದುರಿಗೆ ಇಂದಿನವು ಮಕ್ಕಳು. ಆ ಜೋಡಿ ಒಬ್ಬರು ಒಂದು ಅಧ್ಯಾಯ, ಇನ್ನೊಬ್ಬರು ಮುಂದಿನದು ಎಂಬಂತೆ, ಮಕ್ಕಳು ಮಲಗಿದ ಮೇಲೆ ರಾತ್ರಿ ಕುಳಿತು ಬರೆಯುತ್ತಿತ್ತು. ಮೊದಲನೆಯದಾದ 'ರೋಸಾನ್ನಾ'ದಲ್ಲಿ ಯೋತಾ ಕಾಲುವೆಯ ಹೂಳೆತ್ತುವ ಯಂತ್ರದ ತೊಟ್ಟಿಯಲ್ಲಿ ಹೆಣ್ಣಿನ ಶವವೊಂದು ಮೇಲೆ ಬರುತ್ತದೆ. ಆಕೆ ಯಾರೆಂದು ತಿಳಿಯಲಿಕ್ಕೇ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ತುಂಗಾತೀರ ಅವರು ಹೊಸದೆಂದು ಮೆಚ್ಚಿದ ಪ್ರಶ್ನೆಯನ್ನು, ಅಂದರೆ ಸತ್ತವರು ಯಾರೆಂಬುದನ್ನು, ಅವರು 1965ರಲ್ಲಿಯೇ ಕೇಳಿ ಮುಗಿಸಿದ್ದರು.

ಅಲ್ಲಿಯೂ ನಿಧಾನವಿದೆ, ಆದರೆ ಅದು ಕಚೇರಿಯ ನಿಧಾನ. ಕಾಗದ ಬರಬೇಕು, ಪರದೇಶದ ಪೊಲೀಸರ ಉತ್ತರ ಬರಬೇಕು, ಪ್ರವಾಸಿ ಹಡಗಿನಲ್ಲಿದ್ದವರು ತೆಗೆದ ಫೋಟೋಗಳು ಊರೂರುಗಳಿಂದ ಬರಬೇಕು. ಅಷ್ಟರಲ್ಲಿ ಮಾರ್ಟಿನ್ ಬೆಕ್‌ಗೆ ಹೊಟ್ಟೆನೋವು, ನೆಗಡಿ, ಮನೆಯಲ್ಲಿ ಬೇಸರ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ತಿರುವಿದ ನನಗೆ ಇದು ಹೂಟವೆನಿಸುವುದಿಲ್ಲ. ಕೆಲಸವೆಂದರೆ ಹೀಗೆಯೇ ಇರುತ್ತದೆ.

ತುಂಗಾತೀರ:

'ರೋಸಾನ್ನಾ'ವನ್ನು ತಮ್ಮ ಮಾತಿನ ಮೇಲೆ ಓದಿ ಮುಗಿಸಿದೆ, ಕೃತಜ್ಞ. ಪ್ರವಾಸಿಗಳ ಫೋಟೋ ಮತ್ತು ಚಲಚ್ಚಿತ್ರದ ತುಣುಕುಗಳನ್ನು ಪೊಲೀಸರು ಸಾಲಾಗಿ ಕೂಡಿಸಿ, ಸತ್ತವಳು ಹಡಗಿನಲ್ಲಿ ನಡೆದಾಡುವುದನ್ನು ಕತ್ತಲೆಯ ಕೋಣೆಯಲ್ಲಿ ನೋಡುವ ಅಧ್ಯಾಯ ಅದ್ಭುತವಾಗಿದೆ. ಅಲ್ಲಿಯವರೆಗೆ ಶವವಾಗಿದ್ದವಳು ಆ ಪರದೆಯ ಮೇಲೆ ಮೊದಲ ಸಲ ಮನುಷ್ಯಳಾಗುತ್ತಾಳೆ.

ಆದರೂ ಎರಡಕ್ಕೂ ವ್ಯತ್ಯಾಸವಿದೆಯೆಂದು ವಾದಿಸುತ್ತೇನೆ. 'ರೋಸಾನ್ನಾ'ದಲ್ಲಿ ಸತ್ತವಳ ಗುರುತು ಸಿಕ್ಕ ಮೇಲೆ ಪುಸ್ತಕ ಕೊಂದವನ ಕಡೆಗೆ ತಿರುಗುತ್ತದೆ, ಅಲ್ಲಿಂದ ಮುಂದೆ ಅದು ಬೇಟೆಯ ಕಥೆ. ಐಸ್‌ಲ್ಯಾಂಡಿನ ಕಾದಂಬರಿಯಲ್ಲಿ ಬೇಟೆಯೇ ಇಲ್ಲ. ಅರವತ್ತು ವರ್ಷದ ಹಿಂದಿನ ಸಾವಿಗೆ ಯಾರನ್ನು ಹಿಡಿದು ಯಾವ ಜೈಲಿಗೆ ಹಾಕುವುದು? ಎರ್ಲೆಂದುರನ ಸಹೋದ್ಯೋಗಿ ಸಿಗುರ್ದುರ್ ಓಲಿಯೇ, ಸತ್ತ ವ್ಯಾಪಾರಿಯ ನೆಲಮಾಳಿಗೆಯಲ್ಲಿ ಹಳೆಯ ಕಾಗದಗಳ ರಾಶಿಯನ್ನು ತಿರುವಿಹಾಕುತ್ತಾ, ಇದೆಲ್ಲ ಯಾರಿಗೆ ಬೇಕಾಗಿದೆಯೆಂದು ಸಿಡುಕುತ್ತಾನೆ. ಶಿಕ್ಷೆಯ ಸಾಧ್ಯತೆಯನ್ನು ತೆಗೆದುಹಾಕಿದರೆ ಪತ್ತೇದಾರಿಕೆಯಲ್ಲಿ ಉಳಿಯುವುದು ತಿಳಿಯಬೇಕೆಂಬ ಹಟ ಒಂದೇ. ನನಗೆ ಅಷ್ಟು ಸಾಕಾಗಿತ್ತು.

ಕೊಡಗಿನಿಂದ:

ಇಡೀ ಚರ್ಚೆಯನ್ನು ಓದಿದೆ. ಎಲ್ಲರೂ ಇಷ್ಟು ಹೊಗಳುತ್ತಿರುವಾಗ ಅಪಸ್ವರ ತೆಗೆಯಲು ಸಂಕೋಚ, ಆದರೂ ಹೇಳುತ್ತೇನೆ. ಹೆಂಡತಿಯಿಂದ ದೂರವಾದ, ಮಗಳೊಂದಿಗೆ ಮಾತಿಲ್ಲದ, ಸರಿಯಾಗಿ ಊಟಮಾಡದ, ಒಂಟಿ ಮನೆಯಲ್ಲಿ ಕೊರಗುವ ನಡುವಯಸ್ಸಿನ ಪೊಲೀಸ್ ಅಧಿಕಾರಿ ನನಗೆ ಸಾಕಾಗಿದ್ದಾನೆ. ಮಾರ್ಟಿನ್ ಬೆಕ್ ಹಾಗೆ, ಹೆನಿಂಗ್ ಮಾಂಕೆಲ್ ಅವರ ವಲಾಂಡರ್ ಹಾಗೆ, ಎರ್ಲೆಂದುರ್ ಕೂಡ ಹಾಗೆಯೇ. ಆ ಉತ್ತರ ದೇಶಗಳಲ್ಲಿ ನೆಟ್ಟಗೆ ಸಂಸಾರ ಮಾಡಿಕೊಂಡಿರುವ ಪೊಲೀಸರೇ ಇಲ್ಲವೇ? ಇನ್ನೊಂದು ಪ್ರಶ್ನೆ: ಈ ಸರಣಿಯನ್ನು ಎಲ್ಲಿಂದ ಆರಂಭಿಸಬೇಕು? ನೇರವಾಗಿ ಇದನ್ನೇ ಓದಬಹುದೇ?

ಮಾಲ್ಮೋ ಕನ್ನಡಿಗ:

ಕೊಡಗಿನವರ ದೂರು ನ್ಯಾಯವಾದದ್ದೇ. ಆದರೆ ಈ ಕಾದಂಬರಿಯಲ್ಲಿಯೇ ನಿಮಗೆ ಬೇಕಾದವರು ಒಬ್ಬರಿದ್ದಾರೆ. ಎಲಿನ್‌ಬೊರ್ಗ್ ಎಂಬ ಮಹಿಳಾ ಅಧಿಕಾರಿಗೆ ಸಂಸಾರವಿದೆ, ಅಡುಗೆಯ ಆಸಕ್ತಿಯಿದೆ, ತಾಳ್ಮೆಯೂ ಇದೆ. ಸರಣಿಯ ಮುಂದಿನ ಕೃತಿಯೊಂದರಲ್ಲಿ ಆಕೆಯೇ ಮುಖ್ಯ ಪಾತ್ರ. ವಲಾಂಡರನ ಬಗ್ಗೆ ಒಂದು ಮಾತು. ಆತನ ಊರಾದ ಇಸ್ತಾದ್ ನಾನಿರುವಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಕಾದಂಬರಿಯಲ್ಲಿ ಆತನ ಮನೆಯಿರುವ ಮಾರಿಯಾಗಾತನ್ ಬೀದಿ ನಿಜವಾಗಿಯೂ ಇದೆ, ಅದನ್ನು ನೋಡಲೆಂದೇ ಜನ ಬರುತ್ತಾರೆ. ಆ ಪುಟ್ಟ ಪೇಟೆಯ ಶಾಂತಿಯನ್ನು ನೋಡಿದರೆ ಅಲ್ಲಿ ಅಷ್ಟೊಂದು ಕೊಲೆಗಳನ್ನು ಮಾಡಿಸಿದ ಮಾಂಕೆಲ್ ಅವರ ಧೈರ್ಯಕ್ಕೆ ಮೆಚ್ಚಬೇಕು.

ಆರಂಭದ ವಿಷಯ: ಸರಣಿಯ ಮೊದಲ ಎರಡು ಕಾದಂಬರಿಗಳನ್ನು ಬಿಟ್ಟು ಮೂರನೆಯದಾದ 'ಜಾರ್ ಸಿಟಿ'ಯಿಂದ ಇಂಗ್ಲಿಷ್ ಅನುವಾದ ಶುರುವಾಯಿತು. ಇವಾ ಲಿಂದ್ ಮತ್ತು ತಂದೆಯ ಸಂಬಂಧದ ಹದ ತಿಳಿಯಲು ಅದನ್ನು ಮೊದಲು ಓದುವುದು ಒಳ್ಳೆಯದು. 1998ರಲ್ಲಿ ಐಸ್‌ಲ್ಯಾಂಡಿನ ಸಂಸತ್ತು ಇಡೀ ದೇಶದ ಆರೋಗ್ಯ ಮಾಹಿತಿಯನ್ನು ಒಂದೆಡೆ ಕೂಡಿಡುವ ಕಾನೂನು ಮಾಡಿದಾಗ ಎದ್ದ ವಿವಾದ ಆ ಕಾದಂಬರಿಯ ಬೆನ್ನಿಗಿದೆ. ವಂಶವಾಹಿಯ ಕಾಯಿಲೆಯೊಂದು ಮನೆಗಳ ಗುಟ್ಟನ್ನು ಹೇಗೆ ಬಯಲುಮಾಡುತ್ತದೆಂಬುದು ಅಲ್ಲಿನ ವಸ್ತು. ನೇರವಾಗಿ 'ಸೈಲೆನ್ಸ್ ಆಫ್ ದ ಗ್ರೇವ್' ಓದಿದರೂ ಕಥೆ ಅರ್ಥವಾಗುವುದಕ್ಕೆ ಅಡ್ಡಿಯಿಲ್ಲ.

ಹಳೇಪೇಟೆ ಓದುಗ:

ನಿನ್ನೆ ರಾತ್ರಿ ಮುಗಿಸಿದೆ. ಅಗೆತದ ನಿಧಾನ ಹೂಟವೆಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ, 'ರೋಸಾನ್ನಾ'ವೇ ಮೇಲೆಂಬುದರಲ್ಲಿಯೂ ಇಲ್ಲ. ಆದರೆ ಸುಳಿವುಗಳ ಬಗ್ಗೆ ಒಂದು ಸಂಗತಿಯನ್ನು ದಾಖಲಿಸಬೇಕು. ಅಗೆತದ ಜಾಗದ ಹತ್ತಿರ ಬೆಳೆದು ನಿಂತ ಕೆಂಪು ಕರಂಟ್ ಹಣ್ಣಿನ ಪೊದೆಗಳ ಪ್ರಸ್ತಾಪ ಪುಸ್ತಕದಲ್ಲಿ ಬೇಗನೆ ಬರುತ್ತದೆ. ಬರಡು ಗುಡ್ಡದ ಮೇಲೆ ಯಾರೋ ನೆಟ್ಟು ಬೆಳೆಸದೆ ಅವು ಬಂದಿರಲಾರವೆಂದು ಎರ್ಲೆಂದುರ್ ಯೋಚಿಸುತ್ತಾನೆ, ನಾನು ಅದನ್ನು ಪರಿಸರ ವರ್ಣನೆಯೆಂದು ದಾಟಿಹೋದೆ. ಮುಂದೆ ಓದುವವರು ಆ ಪೊದೆಗಳ ಮೇಲೆ ಕಣ್ಣಿಟ್ಟಿರಲಿ. ವಕಾಲತ್ತು ಮೇಡಂ ಅವರಿಗೊಂದು ಪ್ರಶ್ನೆ: ಕೊನೆಯ ಅಧ್ಯಾಯಗಳಲ್ಲಿ ಹೊರಬರುವುದನ್ನು ಪೊಲೀಸರು ಕಾನೂನಿನ ಪ್ರಕಾರ ಏನು ಮಾಡಬೇಕಾಗಿತ್ತು ಎಂಬುದರ ಬಗ್ಗೆ ನನಗೆ ಸಂಶಯಗಳಿವೆ. ಇಲ್ಲಿ ಬರೆದರೆ ಕಥೆ ಬಿಟ್ಟುಕೊಟ್ಟಂತಾಗುತ್ತದೆ. ಪುಸ್ತಕ ಮುಗಿಸಿದವರಿಗೆ ಮಾತ್ರವೆಂದು ಬೇರೆಯೇ ಚರ್ಚೆಯೊಂದನ್ನು ತಾವು ಆರಂಭಿಸಿದರೆ ಅಲ್ಲಿಗೆ ಬರುತ್ತೇನೆ.

ವಕಾಲತ್ತು:

ಖಂಡಿತ ಆರಂಭಿಸೋಣ, ಸರ್. ನನಗೂ ಅದೇ ಸಂಶಯವಿದೆ, ಆದರೆ ತಮ್ಮ ವಾದದ ಎದುರು ಪಕ್ಷದಲ್ಲಿ ನಿಲ್ಲುವೆನೆಂದು ತೋರುತ್ತದೆ. ಭಾನುವಾರ ಸಂಜೆ ಬರೆಯುತ್ತೇನೆ. ಅಷ್ಟರಲ್ಲಿ ಕೊಡಗಿನವರು ಓದಿ ಮುಗಿಸಲಿ.